ಬೀಗ ತೆರೆಯುವ ಕೆಲಸ: ಶಾಲಾ ಗ್ರಂಥಾಲಯ, ಡಿಜಿಟಲ್ ತಂತ್ರಜ್ಞಾನ ಮತ್ತು ರಾಯಚೂರು ಸೀಮೆಯ ಮಕ್ಕಳು



ಶಾಲೆಯ ಗ್ರಂಥಾಲಯಕ್ಕೆ ಮಕ್ಕಳನ್ನು ಸೆಳೆಯಲು, ಸೆಳೆದವರನ್ನು ಅಲ್ಲಿ ಉಳಿಸಿಕೊಳ್ಳಲು ಡಿಜಿಟಲ್ ತಂತ್ರಜ್ಞಾನ ಹೇಗೆ ನೆರವಾದೀತು ಎಂಬುದು ಈ ಉಪನ್ಯಾಸದ ವಿಷಯ. ಈ ಮಾತು ಬಂದ ಕೂಡಲೇ ಟ್ಯಾಬ್ಲೆಟ್ಟು, ಸ್ಮಾರ್ಟ್ ಬೋರ್ಡು, ಇ-ಪುಸ್ತಕ ಎಂದು ಸಾಮಾನಿನ ಪಟ್ಟಿಯೊಂದು ಸಿದ್ಧವಾಗಿಬಿಡುತ್ತದೆ. ನನ್ನ ವಾದ ಬೇರೆ ಕಡೆಯಿಂದ ಹೊರಡುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಪುಸ್ತಕಗಳೇ ಇಲ್ಲವೆಂದಲ್ಲ. ಸಾಲುವಷ್ಟಲ್ಲದಿದ್ದರೂ ಇವೆ. ಅವು ಅಲ್ಮೇರಾದಲ್ಲಿವೆ, ಅಲ್ಮೇರಾಕ್ಕೆ ಬೀಗವಿದೆ. ಆ ಬೀಗ ಏಕೆ ಬಿತ್ತು, ಅದನ್ನು ತೆಗೆಸಲು ಯಂತ್ರದಿಂದ ಏನಾದೀತು, ತೆಗೆದ ಮೇಲೆ ಮಗುವಿಗೆ ಅಲ್ಲಿ ಏನು ಕೆಲಸ ಎಂಬ ಕ್ರಮದಲ್ಲಿ ಯೋಚಿಸಿದರೆ ತಂತ್ರಜ್ಞಾನದ ಜಾಗ ಯಾವುದೆಂದು ತಾನಾಗಿ ತಿಳಿಯುತ್ತದೆ. ರಾಯಚೂರು ನಗರ, ದೇವದುರ್ಗ, ಮಾನ್ವಿ ಈ ಮೂರನ್ನು ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. ಮೂರೂ ಒಂದೇ ಜಿಲ್ಲೆಯವು, ಆದರೆ ಮೂರರ ಮಕ್ಕಳ ಪಾಡು ಒಂದೇ ಅಲ್ಲ.

ಮೊದಲು ನೆಲದ ಮಾತು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ಅಕ್ಷರ ಹೊಸತಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನದಿಂದಲೇ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ಖಚಿತವಾಯಿತು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಹನ್ನೆರಡು ಮೀಟರಿಗೂ ಉದ್ದದ ಒಂದೇ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿಕೊಂಡು ಬಂದ ಬಗೆಯನ್ನು ಹತ್ತಿರದಲ್ಲೇ ಗೆರೆಚಿತ್ರವಾಗಿ ಕೊರೆದಿದ್ದಾರೆ. ಓದಬಲ್ಲವನಿಗೆ ಬರಹ, ಓದಲಾರದವನಿಗೆ ಚಿತ್ರ. ಕೊರೆಸಿದವರ ಉದ್ದೇಶ ಅದೇ ಆಗಿತ್ತೆಂದು ಹೇಳಲಾರೆ, ಫಲ ಮಾತ್ರ ಅದೇ ಆಗಿದೆ.

ಆದರೆ ಬರಹ ಇದ್ದ ನಾಡೆಲ್ಲ ಓದುವ ನಾಡಾಗುವುದಿಲ್ಲ. ಇಲ್ಲಿ ವಿದ್ಯೆ ಬಹುಕಾಲ ಕಿವಿಯ ದಾರಿಯಲ್ಲೇ ನಡೆಯಿತು. ಹರಿದಾಸರಾದ ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಜಗನ್ನಾಥದಾಸರ ಹರಿಕಥಾಮೃತಸಾರ ಷಟ್ಪದಿಯಲ್ಲಿ ಬರೆದ ಗ್ರಂಥವೇ ಆದರೂ ಜನರಿಗೆ ಅದು ತಲುಪಿದ್ದು ಬಾಯಿಪಾಠದಿಂದ. ತತ್ವಪದ, ಮೊಹರಂ ಪದ, ಹಂತಿ ಪದ ಯಾವುದನ್ನು ತೆಗೆದುಕೊಂಡರೂ ಇದೇ ಕತೆ. ಮುಂದೆ ನಿಜಾಮರ ಆಡಳಿತದಲ್ಲಿ ಕಚೇರಿಯ ಮಾತು, ಶಾಲೆಯ ಮಾತು ಉರ್ದುವಾಯಿತು. ಮನೆಯಲ್ಲಿ ಕನ್ನಡ ಅಥವಾ ತೆಲುಗು ಆಡುವ ಮಗುವಿಗೆ ಓದು ಪರಭಾಷೆಯ ಕೆಲಸವಾಗಿ ಉಳಿಯಿತು. 1920ರ ದಶಕದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯ ಮಹತ್ವ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು. 1934ರಲ್ಲಿ ಇದೇ ಊರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಶಾಲೆಗಳ ಇನ್ಸ್‌ಪೆಕ್ಟರಾಗಿದ್ದು ಮಕ್ಕಳಿಗಾಗಿ ಬರೆದವರು. ಮಕ್ಕಳ ಸಾಹಿತಿಯೊಬ್ಬರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿದ ಊರು ಇದು ಎಂಬುದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕಿತ್ತು.

ಇತ್ತೀಚಿನ ಅಂಕಿಗಳಿಗೆ ಬಂದರೆ, 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಸುಮಾರು ಶೇ 60. ರಾಜ್ಯದ್ದು ಶೇ 75ಕ್ಕೂ ಹೆಚ್ಚು. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ, ಶೇ 49ರ ಆಸುಪಾಸು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಿತು. ದೇವದುರ್ಗ ಆ 39ರಲ್ಲಿ ಒಂದು. 2018ರಲ್ಲಿ ಕೇಂದ್ರ ಸರ್ಕಾರ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದ್ದು ಎರಡೇ, ರಾಯಚೂರು ಮತ್ತು ಯಾದಗಿರಿ. ಈ ಅಂಕಿಗಳನ್ನು ದುಃಖ ತೋಡಿಕೊಳ್ಳಲು ಹೇಳುತ್ತಿಲ್ಲ. ಇವುಗಳ ಅರ್ಥ ಇಷ್ಟು: ಇಂದು ನಮ್ಮ ಹಳ್ಳಿಯ ಶಾಲೆಯ ಮಗು ಬಹಳ ಸಲ ತನ್ನ ಮನೆತನದ ಮೊದಲ ಓದುಗ. ಪಠ್ಯಪುಸ್ತಕ ಬಿಟ್ಟರೆ ಆ ಮನೆಯಲ್ಲಿ ಮತ್ತೊಂದು ಪುಸ್ತಕವಿಲ್ಲ.

ಫೋನು ಮಾತ್ರ ಇದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿ 2024ರಲ್ಲಿ ಹೇಳಿದಂತೆ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಇದು ದೇಶದ ಸರಾಸರಿ, ನಮ್ಮ ಜಿಲ್ಲೆಯ ಲೆಕ್ಕವಲ್ಲ. ಆದರೂ ಒಂದು ಮಾತು ನಮಗೂ ಅನ್ವಯಿಸುತ್ತದೆ: ನಮ್ಮ ಎಷ್ಟೋ ಮನೆಗಳಿಗೆ ಪುಸ್ತಕಕ್ಕಿಂತ ಮುಂಚೆ ಫೋನು ಬಂದಿದೆ. ಮೈಸೂರಿನ, ಮಂಗಳೂರಿನ ಮಗು ಪುಸ್ತಕ ಬಿಟ್ಟು ಫೋನಿಗೆ ಹೋಯಿತೆಂದು ಅಲ್ಲಿನವರು ಕೊರಗಬಹುದು. ನಮ್ಮ ಮಗುವಿಗೆ ಬಿಡಲು ಪುಸ್ತಕವೇ ಇರಲಿಲ್ಲ. ಹಾಗಾಗಿ ನಗರಗಳಿಂದ ಕೇಳಿಬರುವ 'ಪರದೆಯಿಂದ ಪುಸ್ತಕಕ್ಕೆ ಮರಳಿ' ಎಂಬ ಕರೆ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಕೈಯಲ್ಲಿರುವ ಪರದೆಯಿಂದ ಪುಸ್ತಕದತ್ತ ಹೊಸದಾಗಿ ದಾರಿ ಮಾಡಬೇಕು.

ಇನ್ನು ಗ್ರಂಥಾಲಯದ ತತ್ವಕ್ಕೆ ಬರೋಣ. 1931ರಲ್ಲಿ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಅದರಲ್ಲಿ ಮೊದಲನೆಯದು. ತಮ್ಮ ಬಾಳಿನ ಕೊನೆಯ ಭಾಗವನ್ನು ಅವರು ಬೆಂಗಳೂರಿನಲ್ಲಿ ಕಳೆದರು, ಅಲ್ಲಿ 1962ರಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಶಾಲೆಯ ಮಟ್ಟಿಗೆ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯೇ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕ ಸೇರಿದ ಗ್ರಂಥಾಲಯ ಇರಬೇಕೆನ್ನುತ್ತದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಕೊಡಲು ಅವಕಾಶ ಮಾಡಿತು. ತತ್ವವಿದೆ, ಕಾಯಿದೆಯಿದೆ, ತೆಳ್ಳಗಾದರೂ ಹಣವಿದೆ. ಮತ್ತೆ ಬೀಗವೇಕೆ?

ಬೀಗ ಹಾಕಿದ್ದು ಶಿಕ್ಷಕರ ಔದಾಸೀನ್ಯವಲ್ಲ, ದಾಸ್ತಾನು ವಹಿ. ನಮ್ಮ ಬಹುತೇಕ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರೆಂಬವರೇ ಇಲ್ಲ. ಕನ್ನಡದ ಸರೋ, ಹೊಸದಾಗಿ ಬಂದ ಅಕ್ಕೋರೋ ಪಾಠದ ಜೊತೆಗೆ ಆ ಹೊಣೆ ಹೊರುತ್ತಾರೆ. ಪುಸ್ತಕ ವಹಿಯಲ್ಲಿ ಏರಿದ ಮೇಲೆ ಅದು ಸರ್ಕಾರದ ಸ್ವತ್ತು. ಹರಿದರೆ, ಕಳೆದರೆ ಉತ್ತರ ಕೊಡಬೇಕಾದವರು ಅವರು. ವರ್ಗಾವಣೆಯಾದಾಗ ಒಂದೊಂದನ್ನೂ ಎಣಿಸಿ ಚಾರ್ಜು ಕೊಡಬೇಕು. ಓದಿಸಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ, ಕಳೆದದ್ದಕ್ಕೆ ಕೇಳುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಬೀಗ ಹಾಕುವವರೇ ಜಾಣರು. ಅವರನ್ನು ದೂರಿ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ಸರ್ಕಾರದ ನಿಯಮದಲ್ಲೇ ಇದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಗ್ರಂಥಾಲಯದ ಬಗ್ಗೆ ಒಂದು ಉದಾರ ಮಾತು ಹೇಳುತ್ತವೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ. ನಮ್ಮ ಶಾಲೆಗಳಿಗೂ ಇಂಥದೊಂದು ಆದೇಶ ಸ್ಪಷ್ಟವಾಗಿ ಬರಬೇಕು, ಮುಖ್ಯಗುರುಗಳ ಮೇಜಿನ ಗಾಜಿನ ಕೆಳಗೆ ಅದರ ಪ್ರತಿ ಇರಬೇಕು. ಈ ನಿಯಮದ ಜಾಣ್ಮೆ ಗಮನಿಸಿ: ನಷ್ಟವನ್ನು ಅದು ಅಲ್ಮೇರಾದಲ್ಲಿರುವ ಪುಸ್ತಕಗಳ ಸಂಖ್ಯೆಗೆ ತೂಗುವುದಿಲ್ಲ, ಬಳಕೆಯಾದ ಪುಸ್ತಕಗಳ ಸಂಖ್ಯೆಗೆ ತೂಗುತ್ತದೆ. ಹೆಚ್ಚು ಓದಿಸಿದವರಿಗೆ ಹೆಚ್ಚು ವಿನಾಯಿತಿ. ಆದರೆ ಸಾವಿರ ಎರವಲು ನಡೆದಿದೆ ಎಂದು ತೋರಿಸಲು ದಾಖಲೆ ಬೇಕಲ್ಲ?

ಶಾಲಾ ಗ್ರಂಥಾಲಯದಲ್ಲಿ ಡಿಜಿಟಲ್ ತಂತ್ರಜ್ಞಾನದ ಮೊದಲ ಕೆಲಸ ಈ ದಾಖಲೆ. ಇಲ್ಲಿ ಮೆರುಗಿಲ್ಲ, ಉದ್ಘಾಟನೆಗೆ ರಿಬ್ಬನ್ನಿಲ್ಲ. ಕೆಲಸ ಮಾತ್ರ ಸರಳ. ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯ ಪರಿಗ್ರಹಣ ಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಯನ್ನೇ ಕ್ಯುಆರ್ ಚೀಟಿಯಾಗಿ ಮುದ್ರಿಸಿ ರಕ್ಷಾಪುಟದ ಒಳಬದಿಗೆ ಅಂಟಿಸಬೇಕು. ಮಕ್ಕಳ ಗುರುತಿನ ಚೀಟಿಗೂ ಒಂದು ಅಂಟಿಸಬೇಕು. ಶಾಲೆಯ ಒಂದು ಫೋನಿನಿಂದ ಎರಡನ್ನೂ ತೋರಿಸಿದರೆ ಸಾಕು, ಯಾರು ಯಾವ ದಿನ ಯಾವ ಪುಸ್ತಕ ಒಯ್ದರೆಂಬುದು ಒಂದು ಹಾಳೆಯಲ್ಲಿ ತುಂಬುತ್ತಾ ಹೋಗುತ್ತದೆ. ದೊಡ್ಡ ಗ್ರಂಥಾಲಯಕ್ಕೆ ನ್ಯೂಜಿಲೆಂಡಿನಲ್ಲಿ ಹುಟ್ಟಿ ಜಗತ್ತಿಗೆಲ್ಲ ಉಚಿತವಾಗಿ ದೊರೆಯುವ ಕೋಹಾ ತಂತ್ರಾಂಶವಿದೆ, ನಮ್ಮದೇ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯವಿದೆ. ಕೆಲವೇ ನೂರು ಪುಸ್ತಕಗಳ ಹಳ್ಳಿ ಶಾಲೆಗೆ ಅವು ಭಾರ. ಲೆಕ್ಕದ ಹಾಳೆಯ ಸಾಮಾನ್ಯ ತಂತ್ರಾಂಶವೇ ಸಾಕು, ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಈ ಕೆಲಸವನ್ನು ಯಾರು ಮಾಡಬೇಕು ಎಂಬುದರಲ್ಲೇ ನನ್ನ ವಾದದ ತಿರುಳಿದೆ. ಶಿಕ್ಷಕರ ತಲೆಗೆ ಕಟ್ಟಿದರೆ ಅದು ಇನ್ನೊಂದು ಆನ್‌ಲೈನ್ ಎಂಟ್ರಿಯಾಗುತ್ತದೆ; ಬಿಸಿಯೂಟ, ಹಾಜರಿ, ಶಿಷ್ಯವೇತನ ಎಂದು ಅಂಥವು ಅವರಿಗೆ ಈಗಾಗಲೇ ಬೇಕಾದಷ್ಟಿವೆ. ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಒಪ್ಪಿಸಬೇಕು. ವಾರಕ್ಕೊಂದು ಜೋಡಿ, ಸರದಿಯ ಮೇಲೆ. ಮಗುವಿಗೆ ಗ್ರಂಥಾಲಯ ತನ್ನದೆನಿಸುವುದು ಅಲ್ಲಿ ಪುಸ್ತಕ ಸಿಕ್ಕಾಗಲ್ಲ, ಅಲ್ಲಿ ಅದಕ್ಕೊಂದು ಅಧಿಕಾರ ಸಿಕ್ಕಾಗ. ಎಂಟನೇ ತರಗತಿಯ ಹುಡುಗಿ ಮುಖ್ಯಗುರುಗಳಿಗೇ 'ಸರ್, ನೀವು ಒಯ್ದ ಪುಸ್ತಕದ ಅವಧಿ ಮುಗಿದದ' ಎಂದು ಹೇಳುವಂತಾಗಬೇಕು. ಮಕ್ಕಳನ್ನು ಗ್ರಂಥಾಲಯದಲ್ಲಿ ತೊಡಗಿಸುವುದು ಎಂದರೆ ಅವರಿಗೆ ಮನರಂಜನೆ ಒದಗಿಸುವುದು ಎಂದು ನಾವು ತಿಳಿದಿದ್ದೇವೆ. ಹೊಣೆ ಒಪ್ಪಿಸುವುದು ಅದಕ್ಕಿಂತ ಅಗ್ಗ, ಅದಕ್ಕಿಂತ ಗಟ್ಟಿ.

ಎರವಲಿನ ದಾಖಲೆಯಿಂದ ಮುಂದಿನ ಹೆಜ್ಜೆ ಸೂಚಿಯದು. ನಮ್ಮ ಶಾಲೆಗಳಲ್ಲಿ ಸೂಚಿ ಎಂದರೆ ಕ್ರಮಸಂಖ್ಯೆ, ಲೇಖಕ, ಪ್ರಕಾಶಕ, ಬೆಲೆ. ಆಡಿಟ್ ಮಾಡುವವರಿಗೆ ಇದು ಬೇಕು, ಮಗುವಿಗಲ್ಲ. ಒಂಬತ್ತು ವರ್ಷದ ಮಗು ಲೇಖಕರ ಹೆಸರು ಹುಡುಕಿಕೊಂಡು ಬರುವುದಿಲ್ಲ. ದೆವ್ವ ಇರುವ ಪುಸ್ತಕ ಬೇಕೆನ್ನುತ್ತದೆ, ನಗಿಸುವುದು ಬೇಕೆನ್ನುತ್ತದೆ, ಹಿಂದೆ ಗೆಳತಿ ಒಯ್ದ ಆ ಕೆಂಪು ಹೊದಿಕೆಯದು ಬೇಕೆನ್ನುತ್ತದೆ. ಹಾಗಾದರೆ ಮಕ್ಕಳೇ ಸೂಚಿ ಮಾಡಲಿ. ಓದಿ ಮುಗಿಸಿದ ಮಗು ಆ ಪುಸ್ತಕದ ಬಗ್ಗೆ ಒಂದು ನಿಮಿಷ ಫೋನಿಗೆ ಮಾತಾಡಲಿ. ಏನು ಕತೆ, ಎಲ್ಲಿ ಬೇಸರವಾಯಿತು, ಯಾರು ಓದಬಹುದು. ಆ ದನಿಯನ್ನು ಪುಸ್ತಕದ ಕ್ಯುಆರ್ ಚೀಟಿಗೇ ಜೋಡಿಸಿದರೆ ಮುಂದಿನ ಮಗು ಚೀಟಿಗೆ ಫೋನು ಹಿಡಿದು ಹಿಂದಿನವರ ಮಾತು ಕೇಳುತ್ತದೆ. ಬೇಸರದ ಪುಸ್ತಕವನ್ನು ಬೇಸರದ್ದೆಂದೇ ಹೇಳಲು ಬಿಡಬೇಕು. ಎಲ್ಲ ಪುಸ್ತಕವನ್ನೂ ಹೊಗಳಿಸಿದರೆ ಅದು ಮತ್ತೊಂದು ಪರೀಕ್ಷೆಯಾಗುತ್ತದೆ. ಆ ಮಾತುಗಳಿಂದ ಶಿಕ್ಷಕರಿಗೂ ತಿಳಿಯುತ್ತದೆ, ಮುಂದಿನ ವರ್ಷದ ಅನುದಾನದಲ್ಲಿ ಏನು ಕೊಳ್ಳಬಾರದು ಎಂದು.

ದನಿಗೆ ನಾನು ಇಷ್ಟು ಒತ್ತು ಕೊಡಲು ಕಾರಣ ಈ ಸೀಮೆಯ ಭಾಷೆಗಳು. ರಾಯಚೂರು ನಗರದ ಒಂದು ತರಗತಿಯಲ್ಲಿ ಉರ್ದು, ತೆಲುಗು, ಕನ್ನಡ ಮೂರೂ ಮನೆಮಾತುಗಳಾಗಿರುತ್ತವೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಎದ್ದ ಕ್ಯಾಂಪುಗಳಲ್ಲಿ ತೆಲುಗು ಮನೆಗಳಿವೆ. ದೇವದುರ್ಗದ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಕನ್ನಡ ಮನೆಮಾತಲ್ಲದ ಇವರಿಗೆಲ್ಲ ಪುಸ್ತಕದ ಕನ್ನಡ ಎರಡನೆಯ ಭಾಷೆ. ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ, ಕನ್ನಡವೇ ಮನೆಮಾತಾದ ನಮ್ಮ ಮಗುವಿಗೂ ಮಕ್ಕಳ ಪುಸ್ತಕದ ಕನ್ನಡ ಬಹಳ ಸಲ ದೂರದ ಊರಿನದು. ತನ್ನ ಮಾತಿನ ಧಾಟಿಯಲ್ಲೇ ಕತೆ ಹೇಳಿ ಅದು ಗ್ರಂಥಾಲಯದಲ್ಲಿ ದಾಖಲಾಗಿ ಉಳಿಯಿತೆಂದರೆ ಮಗುವಿಗೆ ಒಂದು ಸಂಗತಿ ತಿಳಿಯುತ್ತದೆ: ಇಲ್ಲಿ ಇಡುವ ಯೋಗ್ಯತೆ ನನ್ನ ಮಾತಿಗೂ ಇದೆ.

ಈಗ ಪರದೆಯ ಮೇಲಿನ ಓದಿಗೆ ಬರುತ್ತೇನೆ. ಒದಗಿಬರುವ ಭಂಡಾರಗಳು ಕಡಿಮೆಯಿಲ್ಲ. ನಮ್ಮ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಆರಂಭವಾಯಿತು. ದೀಕ್ಷಾ ವೇದಿಕೆ 2017ರದು; ನಮ್ಮ ಪಠ್ಯಪುಸ್ತಕಗಳಲ್ಲಿರುವ ಕ್ಯುಆರ್ ಚೌಕಗಳು ಅದರತ್ತ ಒಯ್ಯುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ. ರಾಷ್ಟ್ರೀಯ ಇ-ಪುಸ್ತಕಾಲಯ ಮಕ್ಕಳ ವಯಸ್ಸಿಗೆ ತಕ್ಕಂತೆ ಪುಸ್ತಕಗಳನ್ನು ವಿಂಗಡಿಸಿದೆ. ಕಣ್ಣು ಕಾಣದವರಿಗಾಗಿ 2016ರಿಂದ ಸುಗಮ್ಯ ಪುಸ್ತಕಾಲಯವಿದೆ. ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಅಷ್ಟನ್ನೂ ಒಂದು ಸಣ್ಣ ಮೆಮೊರಿ ಕಾರ್ಡಿಗೆ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ಓದಲು ಕಿವಿಕ್ಸ್ ಎಂಬ ಉಚಿತ ತಂತ್ರಾಂಶವಿದೆ.

ಇವುಗಳಲ್ಲಿ ಒಂದರ ಬಗ್ಗೆ ಮಾತ್ರ ನಿಂತು ಹೇಳುತ್ತೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ, ತೆಲುಗು, ಉರ್ದು ಸೇರಿ ಅನೇಕ ಭಾಷೆಗಳ ಚಿತ್ರಕತೆಗಳಿವೆ, ಓದಿನ ಹಂತದ ಪ್ರಕಾರ ವಿಂಗಡಿಸಿವೆ. ಆದರೆ ಅದರ ನಿಜವಾದ ಬೆಲೆ ಇರುವುದು ಪರವಾನಗಿಯಲ್ಲಿ. ಮೂಲದವರ ಹೆಸರು ಹೇಳಿ ಆ ಕತೆಯನ್ನು ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು, ಬದಲಿಸಬಹುದು. ಬೇರೆ ಕಡೆ ಮಗು ಓದುಗನಷ್ಟೇ. ಇಲ್ಲಿ ಅನುವಾದಕನೂ ಆಗಬಹುದು. ತಾಂಡಾದ ಮಕ್ಕಳು ಕನ್ನಡದ ಕತೆಯೊಂದನ್ನು ಕನ್ನಡ ಲಿಪಿಯಲ್ಲೇ ಲಂಬಾಣಿಗೆ ತಿರುಗಿಸಬಹುದು, ಉರ್ದು ಶಾಲೆಯ ಮಕ್ಕಳೂ ಕನ್ನಡ ಶಾಲೆಯ ಮಕ್ಕಳೂ ಒಂದೇ ಚಿತ್ರಗಳಿಗೆ ಎರಡು ಭಾಷೆಯ ಕತೆ ಬರೆಯಬಹುದು. ಹಾಗೆ ಬರೆದದ್ದನ್ನು ಮುದ್ರಿಸಿ, ಪಿನ್ ಹೊಡೆದು, ಪರಿಗ್ರಹಣ ಸಂಖ್ಯೆ ಕೊಟ್ಟು ಅಲ್ಮೇರಾದಲ್ಲಿಡಬೇಕು. ಅದೇ ಆ ಅಲ್ಮೇರಾದಲ್ಲಿ ಹೆಚ್ಚು ಸಲ ಹೊರಗೆ ಹೋಗುವ ಪುಸ್ತಕವಾದರೆ ನನಗೆ ಆಶ್ಚರ್ಯವಿಲ್ಲ.

ಉಳಿದ ಭಂಡಾರಗಳ ಬಗ್ಗೆ ನನಗೆ ಗೌರವವಿದೆ, ಭ್ರಮೆಯಿಲ್ಲ. ಕನ್ನಡದಲ್ಲಿ ಡಿಜಿಟಲ್ ಪುಸ್ತಕ ಎನ್ನುವುದರಲ್ಲಿ ಬಹುಪಾಲು ಹಳೆಯ ಪುಟಗಳ ಫೋಟೋ. ಅದರೊಳಗೆ ಪದ ಹುಡುಕಲಾಗದು, ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಓಡುತ್ತದೆ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಸಣ್ಣ ಪರದೆಯ ಮೇಲೆ ಅಂಥ ಪುಟಗಳನ್ನು ಹತ್ತು ವರ್ಷದ ಮಗುವಿನ ಮುಂದಿಟ್ಟು ಓದಿನ ರುಚಿ ಹತ್ತಿಸುತ್ತೇವೆ ಎನ್ನುವುದು ಹುಸಿ. ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿದ್ವಾಂಸರು, ಮಾಹಿತಿಯ ಬರಹವನ್ನು ಗ್ರಹಿಸುವುದರಲ್ಲಿ ಕಾಗದದ ಕೈ ಸ್ವಲ್ಪ ಮೇಲೆಂದೇ ಹೇಳಿದ್ದಾರೆ. ಹಾಗಾಗಿ ಪರದೆಯನ್ನು ಒಂಟಿ ಓದಿಗಿಂತ ಒಟ್ಟು ಓದಿಗೆ ಇಡುವುದು ಮೇಲು. ಸ್ಮಾರ್ಟ್ ಕ್ಲಾಸಿನ ಗೋಡೆಯ ಮೇಲೆ ಚಿತ್ರಕತೆಯ ಪುಟ ಬಿದ್ದಾಗ ಮೂವತ್ತು ಮಕ್ಕಳು ಒಂದೇ ಚಿತ್ರ ನೋಡುತ್ತಾರೆ, ಅಕ್ಕೋರು ಗಟ್ಟಿಯಾಗಿ ಓದುತ್ತಾರೆ, ಕತೆಯ ಅರ್ಧಕ್ಕೆ ನಿಲ್ಲಿಸಿ ಉಳಿದದ್ದು ಅಲ್ಮೇರಾದಲ್ಲಿರುವ ಪುಸ್ತಕದಲ್ಲಿದೆ ಎನ್ನುತ್ತಾರೆ. ಪ್ರವಚನ, ಪುರಾಣ ಕೇಳಿ ಬೆಳೆದ ಊರುಗಳಲ್ಲಿ ಇದು ಹೊಸ ವಿದ್ಯೆಯೇನಲ್ಲ.

ಮೂರು ಊರುಗಳ ವ್ಯತ್ಯಾಸಕ್ಕೆ ಬರೋಣ. ರಾಯಚೂರು ನಗರದಲ್ಲಿ ನೆರವು ಕೈಗೆಟುಕುವಷ್ಟು ಹತ್ತಿರದಲ್ಲಿದೆ. 2019ರಲ್ಲಿ ಸ್ಥಾಪನೆಯಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಿದೆ, ಕೃಷಿ ವಿಶ್ವವಿದ್ಯಾಲಯವಿದೆ. ಶಾಲೆಯ ಎರವಲು ದಾಖಲೆಗೆ ಕನ್ನಡ, ಉರ್ದು, ತೆಲುಗು ಮೂರೂ ಬರುವ ಒಂದು ಸರಳ ತಂತ್ರಾಂಶ ಮಾಡಿಕೊಡುವುದು ಆ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನ ಕೆಲಸ. ಕೇಳಬೇಕಾದವರು ನಾವು. ನಗರದಿಂದ ತುಸು ದೂರದ ಶಕ್ತಿನಗರ ದಶಕಗಳಿಂದ ರಾಜ್ಯಕ್ಕೆ ಕರೆಂಟು ಕೊಡುತ್ತಿದೆ. ಆದರೂ ಇದೇ ಜಿಲ್ಲೆಯ ಹಳ್ಳಿ ಶಾಲೆಗೆ ಸಾಧನ ಕೊಳ್ಳುವಾಗ ಬ್ಯಾಟರಿ ಎಷ್ಟು ತಾಸು ಬಾಳುತ್ತದೆಂದು ಮೊದಲು ಕೇಳಬೇಕಾಗಿದೆ.

ಮಾನ್ವಿಯ ಶಾಲೆಗಳಿಗೆ ಬೇರೆ ಸಂಪತ್ತಿದೆ. ಸುತ್ತಲ ಹಳ್ಳಿಗಳಲ್ಲಿ ದಾಸರ ಪದ, ತತ್ವಪದ, ಮೊಹರಂ ಪದ ಬಲ್ಲ ಹಿರಿಯರಿದ್ದಾರೆ. ಅವರಲ್ಲಿ ಅನೇಕರಿಗೆ ಓದು ಬರದು. ಮಕ್ಕಳು ಶಾಲೆಯ ಫೋನು ಹಿಡಿದು ಅವರ ಬಳಿ ಹೋಗಿ, ಒಪ್ಪಿಗೆ ಕೇಳಿ, ಧ್ವನಿಮುದ್ರಿಸಿ ತಂದು, ಬರೆದು, ಶಾಲೆಯ ಗ್ರಂಥಾಲಯಕ್ಕೆ ಸೇರಿಸಬಹುದು. ಬರೆಯುವಾಗ ಮಗುವಿಗೆ ಅರ್ಥವಾಗದ ಪದ ಬರುತ್ತದೆ, ನಿಘಂಟು ತೆಗೆಯಬೇಕಾಗುತ್ತದೆ, ಮತ್ತೆ ಅಜ್ಜನ ಬಳಿ ಹೋಗಬೇಕಾಗುತ್ತದೆ. ಇದಕ್ಕಿಂತ ಒಳ್ಳೆಯ ಭಾಷಾ ಪಾಠ ನನಗೆ ಕಂಡಿಲ್ಲ. ಒಪ್ಪಿಗೆಯ ಮಾತನ್ನು ಮಾತ್ರ ಹಗುರ ಮಾಡಬಾರದು. ಹಾಡಿದವರ ಹೆಸರು ದಾಖಲೆಯಲ್ಲಿರಬೇಕು. ಶಾಲೆಯಾಚೆ ಹಂಚಬಾರದೆಂದು ಅವರು ಹೇಳಿದರೆ ಹಂಚಬಾರದು.

ದೇವದುರ್ಗದ ಪ್ರಶ್ನೆ ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಕ್ಕಳೂ ಹೊರಡುತ್ತಾರೆ. ಹತ್ತಿ ಬಿಡಿಸುವ ಕಾಲಕ್ಕೆ ಊರಲ್ಲೇ ಇದ್ದೂ ಶಾಲೆಗೆ ಬಾರದವರಿದ್ದಾರೆ. ಶಾಲೆಯ ದೃಷ್ಟಿಯಲ್ಲಿ ಹೀಗೆ ಹೋದ ಮಗು ಹಾಜರಿ ಪುಸ್ತಕದಲ್ಲಿ ಒಂದು ಖಾಲಿ ಚೌಕ. ಗ್ರಂಥಾಲಯ ಹಾಗೆ ನೋಡಬೇಕಿಲ್ಲ, ಅದು ಮಗುವಿನ ಜೊತೆಗೆ ಹೋಗಬಲ್ಲದು. ಗುಳೆ ಹೋಗುವ ಮಗುವಿಗೆ ನಾಲ್ಕೈದು ಪುಸ್ತಕ ದೀರ್ಘಾವಧಿಗೆ ಕೊಡಿ, ಹರಿದು ಬಂದರೂ ಸರಿ ಎಂದು ಹೇಳಿ ಕೊಡಿ. ಸಾವಿರಕ್ಕೆ ಐದರ ರಿಯಾಯಿತಿಯನ್ನು ಖರ್ಚು ಮಾಡಬೇಕಾದ ಜಾಗ ಇದೇ. ತಂದೆಯ ಫೋನಿಗೆ ವಾರಕ್ಕೊಂದು ಧ್ವನಿಕತೆ ಹೋಗಲಿ, ಸಹಪಾಠಿಗಳೇ ಓದಿ ಕಳಿಸಿದ್ದು. ಕಟ್ಟಡದ ಶೆಡ್ಡಿನಲ್ಲಿ ರಾತ್ರಿ ಆ ಫೋನು ಮಗುವಿನ ಕೈಗೆ ಬರುವುದು ಅರ್ಧ ತಾಸು ಇದ್ದೀತು, ಡೇಟಾ ಮುಗಿದಿದ್ದೀತು. ಅದಕ್ಕೇ ವಿಡಿಯೊ ಬೇಡ, ದನಿ ಸಾಕು ಎನ್ನುತ್ತೇನೆ. ಮಗು ಅಲ್ಲಿಂದ ಮರುದನಿ ಕಳಿಸಿತೋ, ಶಾಲೆಗೂ ಅದಕ್ಕೂ ಇರುವ ನೂಲು ಕಡಿದಿಲ್ಲವೆಂದೇ ಲೆಕ್ಕ. ಈ ಮಾತು ಪರಿಹಾರವಲ್ಲ. ಗುಳೆಗೆ ಪರಿಹಾರ ಇರುವುದು ನೀರಿನಲ್ಲಿ, ಕೂಲಿಯಲ್ಲಿ. ಗ್ರಂಥಾಲಯ ಮಾಡಬಹುದಾದದ್ದು ಇಷ್ಟು.

ಮೂರೂ ಊರಿಗೆ ಸಮಾನವಾದ ಸಂಗತಿ ಹೆಣ್ಣುಮಕ್ಕಳದು. ಫೋನು ಮನೆಯದೆಂದರೆ ಅದು ಅಪ್ಪನದು, ಅಪ್ಪ ಇಲ್ಲದಾಗ ಅಣ್ಣನದು. ಸ್ವಂತ ಫೋನಿರುವುದರಲ್ಲಿ ಹುಡುಗರು ಮುಂದಿದ್ದಾರೆಂದು ಅಸರ್ ವರದಿಯೂ ಹೇಳುತ್ತದೆ. ಶಾಲೆಯ ಗ್ರಂಥಾಲಯದ ಸಾಧನ ಎಷ್ಟೋ ಹುಡುಗಿಯರಿಗೆ ಯಾರ ಅಪ್ಪಣೆಯನ್ನೂ ಬೇಡದೆ ಮುಟ್ಟಬಹುದಾದ ಮೊದಲ ಯಂತ್ರ. ಸರದಿಯ ಪಟ್ಟಿ ಮಾಡುವಾಗ ಹುಡುಗರ ಕೈಯೇ ಮೊದಲು ಬೀಳದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ.

ಶಾಲೆ ಒಂಟಿಯಾಗಿ ಇದನ್ನೆಲ್ಲ ಹೊರಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ 2020ರ ಮಕ್ಕಳ ದಿನಾಚರಣೆಯಂದು ಓದುವ ಬೆಳಕು ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅರಿವು ಕೇಂದ್ರಗಳೆಂದು ಕರೆಸಿಕೊಳ್ಳುವ ಅವುಗಳಲ್ಲಿ ಹಲವಕ್ಕೆ ಕಂಪ್ಯೂಟರ್, ಟಿವಿ, ಇಂಟರ್ನೆಟ್ ಬಂದಿವೆ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಮೇಲ್ವಿಚಾರಕರೆಂಬ ಒಬ್ಬ ಮನುಷ್ಯರಿದ್ದಾರೆ, ಶಾಲೆಗಳಲ್ಲಿ ಇಲ್ಲದ್ದು ಅದೇ ತಾನೆ. ಶಾಲೆಯ ಸೂಚಿಯನ್ನೂ ಅರಿವು ಕೇಂದ್ರದ ಸೂಚಿಯನ್ನೂ ಒಂದು ಮಾಡಿದರೆ ಮಗುವಿಗೆ ಎರಡು ಅಲ್ಮೇರಾಗಳು ಒಂದಾಗುತ್ತವೆ. ಬೇಸಿಗೆ ರಜೆಯಲ್ಲಿ ಶಾಲೆಯ ಪುಸ್ತಕಗಳು ಬೀಗದೊಳಗೆ ಧೂಳು ಹಿಡಿಯುವ ಬದಲು ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿರಲಿ. ಇದಕ್ಕೆ ಬೇಕಾದದ್ದು ಎರಡು ಇಲಾಖೆಗಳ ನಡುವೆ ಒಂದು ಸುತ್ತೋಲೆ. ಟ್ಯಾಬ್ಲೆಟ್ ಕೊಳ್ಳುವುದಕ್ಕಿಂತ ಸುತ್ತೋಲೆ ಹೊರಡಿಸುವುದು ಕಷ್ಟವೆಂಬುದು ನನಗೆ ಗೊತ್ತು.

ಕೊನೆಯದಾಗಿ ಒಂದು ಎಚ್ಚರ. ಇಷ್ಟು ಹೊತ್ತು ದಾಖಲೆ, ದಾಖಲೆ ಎಂದೆ. ಯಾವ ಮಗು ಯಾವ ಪುಸ್ತಕ ಓದಿತೆಂಬುದು ದಾಖಲಾದ ಮೇಲೆ ಅದನ್ನು ಬಳಸುವ ಆಸೆ ಹುಟ್ಟುತ್ತದೆ. ಹೆಚ್ಚು ಓದಿದವರ ಪಟ್ಟಿ ಗೋಡೆಗೆ ಏರುತ್ತದೆ, ಕಡಿಮೆ ಓದಿದವರ ಹೆಸರು ಸಭೆಯಲ್ಲಿ ಕೇಳಿಬರುತ್ತದೆ, ಮೇಲಿನಿಂದ ಗುರಿ ನಿಗದಿಯಾಗುತ್ತದೆ, ಪುಸ್ತಕ ಒಯ್ಯದೆಯೇ ಎಂಟ್ರಿಗಳು ಬೀಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದನ್ನು ನಿರ್ಬಂಧಿಸುತ್ತದೆ. ಶಾಲೆಗಳಿಗೆ ಅದರಲ್ಲಿ ಎಷ್ಟು ವಿನಾಯಿತಿ ಇರಲಿ, ಗ್ರಂಥಾಲಯಕ್ಕೆ ತನ್ನದೇ ಧರ್ಮವಿದೆ: ಓದುಗ ಏನು ಓದಿದ ಎಂಬುದು ಓದುಗನ ಸ್ವಂತ ವಿಷಯ. ಹನ್ನೆರಡರ ಹುಡುಗಿಯೊಬ್ಬಳು ದೇಹದ ಬೆಳವಣಿಗೆಯ ಬಗ್ಗೆ ಪುಸ್ತಕ ಒಯ್ದಳೆಂಬುದು ಯಾರ ಬಾಯಿಗೂ ಬರಬಾರದು, ಬಂದ ದಿನ ಆಕೆ ಅಲ್ಮೇರಾದ ಬಳಿ ಬರುವುದನ್ನೇ ಬಿಡುತ್ತಾಳೆ. ಆದ್ದರಿಂದ ಪುಸ್ತಕ ಹಿಂದಿರುಗಿದ ಕೂಡಲೇ ಮಗುವಿನ ಹೆಸರಿಗೂ ಪುಸ್ತಕದ ಹೆಸರಿಗೂ ಇರುವ ಕೊಂಡಿಯನ್ನು ಅಳಿಸಬೇಕು. ಯಾವ ಪುಸ್ತಕ ಎಷ್ಟು ಸಲ ಹೋಯಿತು, ಒಟ್ಟು ಎಷ್ಟು ಎರವಲು ನಡೆಯಿತು, ಎಷ್ಟು ಕಳೆಯಿತು, ಇಷ್ಟು ಉಳಿದರೆ ಆಡಿಟ್‌ಗೂ ಸಾಕು, ಮುಂದಿನ ವರ್ಷದ ಖರೀದಿಗೂ ಸಾಕು. ತಂತ್ರಾಂಶ ಮಾಡಿಕೊಡುವವರಿಗೆ ನಾವು ಮೊದಲ ದಿನವೇ ಹೇಳಬೇಕಾದದ್ದು ಇದನ್ನು. ಆಮೇಲೆ ಸೇರಿಸುತ್ತೇವೆಂದರೆ ಯಾರೂ ಸೇರಿಸುವುದಿಲ್ಲ.